ಬೂಟ್ ಆಗಲಿಲ್ಲ ಅಂದರೆ ಏನು ಆಗಲಿಲ್ಲ?

ಕನ್ನಡದಲ್ಲಿ ‘ಬೂಟ್ ಆಗ್ತಾ ಇಲ್ಲ’, ತುಳುವಿನಲ್ಲಿ ‘ಬೂಟ್ ಆಪುಜಿ’, ಮಲೆಯಾಳದಲ್ಲಿ ‘ಬೂಟ್ ಆವುನ್ನಿಲ್ಲ’. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಲ್ಯಾಬಿನ ಲ್ಯಾಪ್‌ಟಾಪುಗಳಿಗೆ ಇಮೇಜ್ (ಸಿದ್ಧ ಮಾಡಿಟ್ಟ ಡಿಸ್ಕಿನ ಪೂರ್ತಿ ನಕಲು) ಹಾಕುವ ದಿನಗಳಲ್ಲಿ ಬದಿಯಡ್ಕದಿಂದ ಮಂಜೇಶ್ವರದವರೆಗೆ ಎಲ್ಲಿಂದ ಫೋನ್ ಬಂದರೂ ದೂರು ಇದೊಂದೇ. ಭಾಷೆ ಮೂರು, ಮಾಹಿತಿ ಸೊನ್ನೆ. ಮೊನ್ನೆ ಒಬ್ಬರು ಇದೇ ಮಾತು ಹೇಳಿ ಕಳಿಸಿದ ಫೋಟೋದಲ್ಲಿ, ಡಿಸ್ಕ್ ಚಿಕ್ಕದಾಯಿತು ಎಂದು ಕ್ಲೋನ್‌ಜಿಲ್ಲಾ, ಅಂದರೆ ಆ ನಕಲು ಇಳಿಸುವ ಪ್ರೋಗ್ರಾಂ, ಗೊಣಗುತ್ತಿತ್ತು. ಬೂಟ್ ಆಗದೆ ಕ್ಲೋನ್‌ಜಿಲ್ಲಾ ಎಲ್ಲಿಂದ ಬಂತು ಮಾರಾಯ್ರೆ?

ಕಂಪ್ಯೂಟರ್ ಆನ್ ಮಾಡಿದಾಗ ಮೊದಲ ಪ್ರೋಗ್ರಾಂ ಮೆಮೊರಿಗೆ ಬಂದು ಓಡತೊಡಗುವುದೇ ಬೂಟ್. ಈ ಪದ ಬೂಟ್‌ಸ್ಟ್ರ್ಯಾಪ್‌ನ ಮೊಟಕು. ಉದ್ದ ಬೂಟನ್ನು ಕಾಲಿಗೆ ಎಳೆದುಕೊಳ್ಳಲು ಇರುವ ಕುಣಿಕೆ ಅದು. ಆ ಕುಣಿಕೆ ಹಿಡಿದು ತನ್ನನ್ನು ತಾನೇ ನೆಲದಿಂದ ಎತ್ತಿಕೊಳ್ಳುವುದು ಎಂದರೆ 19ನೇ ಶತಮಾನದ ಇಂಗ್ಲಿಷಿನಲ್ಲಿ ಆಗದ ಹೋಗದ ಕೆಲಸಕ್ಕೆ ಗೇಲಿಯ ಮಾತು. ಇದನ್ನು ಬ್ಯಾರನ್ ಮಂಚೌಸನ್‌ನ ತಲೆಗೆ ಕಟ್ಟುವವರಿದ್ದಾರೆ. ಅವನು ಕೆಸರಿನಿಂದ ಎದ್ದು ಬಂದದ್ದು ತನ್ನ ಜುಟ್ಟು ಹಿಡಿದು, ಬೂಟು ಹಿಡಿದಲ್ಲ. 1950ರ ದಶಕದಲ್ಲಿ ಕಂಪ್ಯೂಟರಿನವರು ಈ ಮಾತನ್ನು ಎತ್ತಿಕೊಂಡರು. ಅವರ ಪಜೀತಿಯೂ ಅದೇ: ಮೆಮೊರಿಗೆ ಪ್ರೋಗ್ರಾಂ ತುಂಬಲು ಒಂದು ಪ್ರೋಗ್ರಾಂ ಬೇಕು, ಅದನ್ನು ತುಂಬುವುದು ಯಾರು? ಐಬಿಎಂ 701ರಲ್ಲಿ ‘ಲೋಡ್’ ಗುಂಡಿ ಒತ್ತಿದರೆ ಕಾರ್ಡಿನಿಂದ ಬರೀ 36 ಬಿಟ್ ಒಳಗೆ ಬರುತ್ತಿತ್ತು. ಅದರಲ್ಲಿದ್ದ ಆದೇಶ ಮುಂದಿನದನ್ನು ಎಳೆಯುತ್ತಿತ್ತು, ಅದು ಅದರ ಮುಂದಿನದನ್ನು.

ನಮಗೆ ಬೂಟಿನ ಕುಣಿಕೆ ಯಾಕೆ, ತೋಟದ ಪಂಪ್ ಸಾಕು. ಫುಟ್‌ವಾಲ್ವ್ ಸೋರಿ ಪೈಪ್ ಖಾಲಿಯಾದರೆ ಮೋಟರ್ ಎಷ್ಟು ತಿರುಗಿದರೂ ನೀರು ಏರುವುದಿಲ್ಲ, ಮೊದಲು ಒಂದು ಕೊಡಪಾನ ನೀರು ಹೊಯ್ಯಬೇಕು. ನೀರು ತರಲು ನೀರು! ಬೂಟ್ ಎಂದರೆ ಆ ಕೊಡಪಾನ ಮಾತ್ರ. ಅಡಿಕೆ ಬುಡ ಒಣಗಿದ್ದಕ್ಕೆಲ್ಲ ಅದನ್ನು ಬೈಯಬೇಡಿ, ಸ್ಪ್ರಿಂಕ್ಲರ್ ಕಟ್ಟಿಕೊಂಡಿರಬಹುದು.

ಇಮೇಜ್ ಹಾಕುವಾಗ ಲ್ಯಾಪ್‌ಟಾಪ್ ತನ್ನ ಡಿಸ್ಕ್ ಬಿಟ್ಟು ಕೇಬಲ್ ಮೂಲಕ ಸರ್ವರಿನಿಂದ ಏಳುತ್ತದೆ. ಈ ನೆಟ್‌ವರ್ಕ್ ಬೂಟ್‌ನಲ್ಲಿ ಆ ಕೊಡಪಾನವೂ ನೆರೆಮನೆಯಿಂದ ಬರಬೇಕು. ಈ ಏರ್ಪಾಡಿಗೆ ಪಿಎಕ್ಸ್‌ಇ ಎಂದು ಹೆಸರು, ಬಾಯಲ್ಲಿ ‘ಪಿಕ್ಸಿ’. ಲ್ಯಾಪ್‌ಟಾಪ್ ಕೂಗುತ್ತದೆ, ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಓಗೊಟ್ಟು ವಿಳಾಸವನ್ನೂ ಫೈಲಿನ ಹೆಸರನ್ನೂ ಕೊಡುತ್ತದೆ, ಫೈಲ್ ಸಾಗಿಸುವ ಟಿಎಫ್‌ಟಿಪಿ ಅದನ್ನು ಸರ್ವರಿನಿಂದ ಹೊತ್ತು ತರುತ್ತದೆ. ಎಲ್ಲಿ ನಿಂತಿತು ಎಂದು ಪರದೆಯ ಮೇಲಿನ ದೋಷದ ಸಂಖ್ಯೆಯೇ ಹೇಳುತ್ತದೆ. ಇ61 ಬಂದರೆ ಕೇಬಲ್ ನೋಡಿ. ಇ53 ಬಂದರೆ ವಿಳಾಸ ಸಿಕ್ಕಿದೆ, ಫೈಲಿನ ಹೆಸರು ಸಿಕ್ಕಿಲ್ಲ. ಡಿಎಚ್‌ಸಿಪಿಯಲ್ಲಿ ಆ ಹೆಸರು ಬರೆದಿಡುವ ಜಾಗ, ಆಪ್ಷನ್ 67, ಖಾಲಿ ಇರಬಹುದು, ಅಥವಾ ಯಾರೋ ಸಿಕ್ಕಿಸಿದ ಮನೆ ರೌಟರ್ ನಡುವೆ ಬಾಯಿ ಹಾಕಿರಬಹುದು. ಇ32 ಎಂದರೆ ಟಿಎಫ್‌ಟಿಪಿ ಉತ್ತರಿಸಲಿಲ್ಲ: ಸರ್ವರಿನ ಫೈರ್‌ವಾಲ್‌ನಲ್ಲಿ ಟಿಎಫ್‌ಟಿಪಿಯ ಬಾಗಿಲು, ಯುಡಿಪಿ 69, ಮುಚ್ಚಿದೆಯೇ ನೋಡಿ.

ಜನ ದಿನವಿಡೀ ಹಾಳುಮಾಡುವುದು ಇ51ರಲ್ಲಿ, ಹೊಸ ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಕೂತು ಅದನ್ನು ಎಬ್ಬಿಸುವ ಪ್ರೋಗ್ರಾಂ) ಯಂತ್ರಗಳಲ್ಲಾದರೆ ಇ16ರಲ್ಲಿ. ಕೂಗಿಗೆ ಯಾರೂ ಓಗೊಡಲಿಲ್ಲ ಎಂದು ಅರ್ಥ. ಸರ್ವರ್ ಸರಿ, ಕೇಬಲ್ ಸರಿ, ಆದರೂ ಇಲ್ಲ. ಹಲವು ಸಲ ತಪ್ಪು ಸ್ವಿಚ್ಚಿನದ್ದು: ಕೇಬಲ್ ಸುತ್ತು ಬೀಳದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಇದ್ದರೆ ಪೋರ್ಟ್ ತೆರೆಯಲು 30 ಸೆಕೆಂಡ್ ಬೇಕು, ಅಷ್ಟರಲ್ಲಿ ಲ್ಯಾಪ್‌ಟಾಪ್ ಕೂಗಿ ಸುಸ್ತಾಗಿರುತ್ತದೆ. ನಡುವೆ ಒಂದು ಸಾದಾ ಐದು ಪೋರ್ಟಿನ ಸ್ವಿಚ್ ಇಟ್ಟು ನೋಡಿ. ಸರಿಯಾದರೆ ಕಳ್ಳ ಸಿಕ್ಕಿದ, ದೊಡ್ಡ ಸ್ವಿಚ್ಚಿನಲ್ಲಿ ಕಾಯಿಸದೆ ಪೋರ್ಟ್ ತೆರೆಯುವ ಪೋರ್ಟ್‌ಫಾಸ್ಟ್ ಹಾಕಿ.

ಲ್ಯಾನ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪುಗಳದ್ದು ಬೇರೆ ಕಥೆ. ಅವಕ್ಕೆ ಯುಎಸ್‌ಬಿಯಲ್ಲಿ ಲ್ಯಾನ್ ಡಾಂಗಲ್ ಸಿಕ್ಕಿಸಬೇಕು. ‘ವಿಂಡೋಸ್‌ನಲ್ಲಿ ಡಾಂಗಲ್ ಕೆಲಸ ಮಾಡುತ್ತದಲ್ಲ?’ ಮಾಡುತ್ತದೆ. ಆದರೆ ಬೂಟ್ ಹೊತ್ತಿಗೆ ವಿಂಡೋಸ್ ಹುಟ್ಟಿಯೇ ಇಲ್ಲ. ಆ ಡಾಂಗಲ್ಲಿನ ಗುರುತು ಫರ್ಮ್‌ವೇರ್‌ಗೆ ಇರಬೇಕು. ಫೈಲ್ ಬಂದು ಪರದೆ ಕಪ್ಪಾದರೆ, ಯುಇಎಫ್‌ಐ ಯಂತ್ರಕ್ಕೆ ಹಳೆಯ ಬಯೋಸ್ ಫೈಲ್ ಬಡಿಸಿದ್ದೀರೋ ನೋಡಿ. ಸಹಿ ಇಲ್ಲದ ಫೈಲಾದರೆ ಸೆಕ್ಯೂರ್ ಬೂಟ್ ಒಳಗೇ ಬಿಡುವುದಿಲ್ಲ.

ಫೋನ್ ಮಾಡುವ ಮುಂಚೆ ಕೊನೆಯ ಗೆರೆ ಓದಿಕೊಳ್ಳಿ. ಅದು ಕ್ಷಣದಲ್ಲಿ ಮಾಯವಾಗುತ್ತದೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಲ್ಲಿಸಿ ನೋಡಿದರೆ ಸಂಖ್ಯೆ ಸಿಗುತ್ತದೆ.