ನೆತ್ತಿ ಇಲ್ಲದ ವೃತ್ತ

ನಾನು ಕಂಪ್ಯೂಟರಿನಲ್ಲಿ ಬಿಡಿಸಿದ ಮೊದಲ ವೃತ್ತಕ್ಕೆ ನೆತ್ತಿ ಇರಲಿಲ್ಲ. ಬುಡವೂ ಇರಲಿಲ್ಲ. ಎಡಕ್ಕೂ ಬಲಕ್ಕೂ ಎರಡು ಕಮಾನು, ಅದರಲ್ಲೂ ಚುಕ್ಕಿಗಳು ಹಲ್ಲು ಮುರಿದ ಬಾಚಣಿಗೆಯ ಹಾಗೆ ಬಿಡಿ ಬಿಡಿ. "ತ್ರಿಜ್ಯ 180 ಕೊಡು, ಸರಿಹೋಗುತ್ತೆ" ಅಂದ ಪಕ್ಕದವನು. ಕೊಟ್ಟೆ, ನೆತ್ತಿ ಬಂತು. ಯಾಕೆ ಬಂತು ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿದ್ದದ್ದು ಟರ್ಬೊ ಸಿ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಹೊರತಂದ ಕಂಪೈಲರ್, ಎಂದರೆ ಸಿ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಮಾಡಿಕೊಡುವ ತಂತ್ರಾಂಶ. ಆ ನೀಲಿ ಪರದೆ ನಮ್ಮ ಕಡೆಯ ಎಷ್ಟೋ ಡಿಪ್ಲೊಮಾ, ಬಿಸಿಎ ಹುಡುಗರಿಗೆ ಚೆನ್ನಾಗಿ ಗೊತ್ತು. 'ಇನಿಟ್‌ಗ್ರಾಫ್' ಎಂದು ಕರೆದು, ಪರದೆಯನ್ನು ನಡೆಸುವ ಡ್ರೈವರ್ ಫೈಲ್ ಯಾವ ಫೋಲ್ಡರಿನಲ್ಲಿದೆ ಅಂತ ಹೇಳಿದರೆ ಪರದೆ ಕಪ್ಪಾಗುತ್ತದೆ. ಈಗ ಅಡ್ಡ 640, ಉದ್ದ 480 ಚುಕ್ಕಿಗಳು ನಿಮ್ಮವು. ಬಣ್ಣ 16. 'ಪುಟ್‌ಪಿಕ್ಸೆಲ್' ಎಂದರೆ ಒಂದು ಚುಕ್ಕಿ ಹೊತ್ತುತ್ತದೆ. ವೃತ್ತ ಬಿಡಿಸಲು 'ಸರ್ಕಲ್' ಅಂತ ಸಿದ್ಧ ಆಜ್ಞೆ ಇದೆ, ಆದರೆ ಲ್ಯಾಬ್‌ನಲ್ಲಿ ಅದನ್ನು ಮುಟ್ಟುವ ಹಾಗಿರಲಿಲ್ಲ. ಚುಕ್ಕಿ ಚುಕ್ಕಿ ಇಟ್ಟೇ ಮಾಡಬೇಕು.

ನಾನು ಹೈಸ್ಕೂಲ್ ಗಣಿತ ಹಿಡಿದೆ. ತ್ರಿಜ್ಯದ ವರ್ಗದಿಂದ ಎಕ್ಸ್‌ನ ವರ್ಗ ಕಳೆ, ವರ್ಗಮೂಲ ತೆಗೆ, ವೈ ಸಿಗುತ್ತದೆ. ತ್ರಿಜ್ಯ 200. ಓಡಿಸಿದರೆ 'ಡೊಮೇನ್ ಎರರ್' ಅಂತ ಸಾಲುಸಾಲು ಬೈಗುಳ. ಋಣ ಸಂಖ್ಯೆಯ ವರ್ಗಮೂಲ ಕೇಳುತ್ತಿದ್ದೀಯ ಅಂತ ಅದರ ದೂರು. ಋಣ ಬಂದರೆ ಆ ಚುಕ್ಕಿ ಬಿಟ್ಟು ಮುಂದೆ ಹೋಗು ಅಂತ ಒಂದು 'ಇಫ್' ಹಾಕಿ ಬಾಯಿ ಮುಚ್ಚಿಸಿದೆ. ನೆತ್ತಿ ಹಾರಿದ್ದು ಅದರಿಂದಲೇ.

ಈ ಕಂಪೈಲರಿನಲ್ಲಿ 'ಇಂಟ್', ಎಂದರೆ ಪೂರ್ಣಾಂಕ ಇಡುವ ಜಾಗ, 16 ಬಿಟ್ (ಸೊನ್ನೆ-ಒಂದರ 16 ಮನೆ). ಅದು ಹಿಡಿಯುವುದು 32767ರವರೆಗೆ ಮಾತ್ರ. ಅದಕ್ಕೆ ಒಂದು ಕೂಡಿಸಿದರೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ತಿರುಗಿ ಸೊನ್ನೆಗೆ ಬರುತ್ತದಲ್ಲ, ಹಾಗೆ ಸುತ್ತು ಹಾಕಿ -32768ಕ್ಕೆ ಬಂದು ನಿಲ್ಲುತ್ತದೆ. 200ರ ವರ್ಗ 40000. ಎಕ್ಸ್‌ನ ವರ್ಗವನ್ನು ಕಳೆದ ಮೇಲೂ ಉತ್ತರ 32767ಕ್ಕಿಂತ ದೊಡ್ಡದಿದ್ದರೆ ಅದು ಋಣವಾಗಿ ಕಾಣುತ್ತದೆ. ನಡುವಿನ 171 ಚುಕ್ಕಿಗಳ ಗತಿ ಅದೇ ಆಯಿತು. ತ್ರಿಜ್ಯ 181 ಆದರೆ ವರ್ಗ 32761. ಕೂದಲೆಳೆಯಲ್ಲಿ ಪಾರು. 182ರಿಂದ ಬೋಳು ಶುರು. ಗೆಳೆಯ 180 ಅಂದದ್ದು ಸುಮ್ನೆ ಊಹೆ, ಆದರೆ ಎಂಥ ಊಹೆ!

ಎಡಬಲದ ಬಿಡಿ ಚುಕ್ಕಿಗಳ ಕಥೆ ಬೇರೆ. ಒಂದು ಎಕ್ಸ್‌ಗೆ ಒಂದೇ ವೈ ಲೆಕ್ಕ ಹಾಕುತ್ತಿದ್ದೆ. ಎಕ್ಸ್ 200ರಲ್ಲಿ ವೈ ಸೊನ್ನೆ, 199ಕ್ಕೆ ಬಂದರೆ ಒಮ್ಮೆಲೇ 20. ನಡುವಿನ ಚುಕ್ಕಿಗಳನ್ನು ಇಡುವವರು ಯಾರು? ವೃತ್ತದ ಎಂಟನೇ ಒಂದು ಭಾಗ ಮಾತ್ರ ಲೆಕ್ಕ ಹಾಕಿ, ಉಳಿದ ಏಳನ್ನು ಕನ್ನಡಿಯಂತೆ ನಕಲು ಮಾಡಿದರೆ ಆ ತೊಂದರೆ ಹೋಗುತ್ತದೆ. ವರ್ಗಮೂಲದ ಖರ್ಚು ಮಾತ್ರ ಹೋಗುವುದಿಲ್ಲ. ಗಣಿತದ ಚಿಪ್ ಬೇರೆಯಾಗಿ ಇಲ್ಲದ ಆ ಕಾಲದ ಯಂತ್ರಗಳಲ್ಲಿ ಪ್ರತಿ ವರ್ಗಮೂಲಕ್ಕೂ ಪ್ರೊಸೆಸರ್ ಏದುಸಿರು ಬಿಡಬೇಕು.

ಇದಕ್ಕೆ ಮದ್ದು ಇಂಥ ಪರದೆಗಳು ಎಲ್ಲೆಡೆ ಬರುವ ಮೊದಲೇ ಸಿಕ್ಕಿತ್ತು. 1962ರಲ್ಲಿ ಐಬಿಎಂನ ಸ್ಯಾನ್ ಹೊಸೆ ಲ್ಯಾಬ್‌ನಲ್ಲಿ ಜ್ಯಾಕ್ ಬ್ರೆಸೆನ್‌ಹ್ಯಾಮ್ ಎಂಬಾತನ ಮುಂದೆ ಇದ್ದದ್ದು ಕಾಗದದ ಮೇಲೆ ಪೆನ್ನು ಓಡಿಸುವ ಪ್ಲಾಟರ್. ಪೆನ್ನು ಒಂದು ಸಲಕ್ಕೆ ಒಂದೇ ಹೆಜ್ಜೆ ಇಡಬಲ್ಲದು, ಅದೂ ಎಂಟು ದಿಕ್ಕುಗಳಲ್ಲಿ. ಅದರಿಂದ ಓರೆ ಗೆರೆ ಎಳೆಸುವುದು ಹೇಗೆ?

ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಡುವ ಬಸ್ ಕಂಡಕ್ಟರನ್ನು ನೆನಪಿಸಿಕೊಳ್ಳಿ. ಐದು ಹೆಜ್ಜೆ ಬಲಕ್ಕೆ ಹೋದಾಗ ಎರಡು ಹೆಜ್ಜೆ ಮೇಲೆ ಹೋಗಿರಬೇಕು ಅನ್ನಿ. ಪ್ರತಿ ಹೆಜ್ಜೆಗೂ 40 ಪೈಸೆ ಬಾಕಿ, ಕಂಡಕ್ಟರ್ ಹತ್ತಿರ ಇರುವುದು ಬರೀ ಒಂದು ರೂಪಾಯಿ ನಾಣ್ಯ. ಬಾಕಿ 50 ಪೈಸೆ ದಾಟಿದರೆ ಒಂದು ನಾಣ್ಯ ಕೊಟ್ಟುಬಿಡುತ್ತಾನೆ. ಮೊದಲ ಹೆಜ್ಜೆ: 40, ಸುಮ್ಮನಿರು. ಎರಡನೆಯದು: 80, ರೂಪಾಯಿ ಕೊಡು, 20 ಪೈಸೆ ಜಾಸ್ತಿ ಹೋಯಿತು. ಮೂರನೆಯದಕ್ಕೆ ಬಾಕಿ 20. ನಾಲ್ಕಕ್ಕೆ 60, ಇನ್ನೊಂದು ರೂಪಾಯಿ. ಐದನೆಯದಕ್ಕೆ ಲೆಕ್ಕ ಚುಕ್ತಾ. ಒಂದೊಂದು ರೂಪಾಯಿಯೂ ಮೇಲಕ್ಕೆ ಒಂದು ಹೆಜ್ಜೆ. ಗುಣಾಕಾರ ಇಲ್ಲ, ಭಾಗಾಕಾರ ಇಲ್ಲ, ದಶಾಂಶವಂತೂ ಇಲ್ಲ. ಕೂಡು, ಕಳೆ, ಹೋಲಿಸು, ಅಷ್ಟೇ.

1965ರಲ್ಲಿ ಇದು ಐಬಿಎಂನ ಪತ್ರಿಕೆಯಲ್ಲಿ ಅಚ್ಚಾಯಿತು. ವೃತ್ತಕ್ಕೂ ಇದೇ ಉಪಾಯವನ್ನು ಬ್ರೆಸೆನ್‌ಹ್ಯಾಮ್ 1977ರಲ್ಲಿ ಕೊಟ್ಟ. ಮುಂದಿನ ಲ್ಯಾಬ್‌ನಲ್ಲಿ ಅದನ್ನು ಬರೆದಾಗ ನೆತ್ತಿ ತಾನಾಗಿಯೇ ಬಂತು. ತ್ರಿಜ್ಯದ ವರ್ಗವನ್ನೇ ಅದು ಕೇಳುವುದಿಲ್ಲವಲ್ಲ, ಸುತ್ತು ಹಾಕಲು ದೊಡ್ಡ ಸಂಖ್ಯೆ ಎಲ್ಲಿಂದ ಬರಬೇಕು?

ಚೆಂಡು ಕುಣಿಸಲು ಹೋದಾಗ ಇನ್ನೊಂದು ಗೋಡೆ ಎದುರಾಯಿತು. ಅಳಿಸು, ಬರೆ, ಅಳಿಸು, ಬರೆ. ಚಿತ್ರ ಪಟಪಟ ಮಿನುಗುತ್ತಿತ್ತು. ಪರದೆಯ ಇಡೀ ಚಿತ್ರ ಹಿಡಿಯುವ ಮೆಮೊರಿಯ ಜಾಗಕ್ಕೆ ಪುಟ ಅನ್ನುತ್ತಾರೆ; ಕಾಣದ ಪುಟದಲ್ಲಿ ಬರೆದು ಆಮೇಲೆ ತಿರುವಿ ತೋರಿಸಿದರೆ ಮಿನುಗುವುದಿಲ್ಲ. ಆದರೆ 640-480ರಲ್ಲಿ ಇರುವುದೇ ಒಂದು ಪುಟ. ಚುಕ್ಕಿಗೆ 4 ಬಿಟ್‌ನಂತೆ ಒಂದು ಪುಟಕ್ಕೆ 1,53,600 ಬೈಟ್ ಬೇಕು. ಪರದೆಗೆ ಚಿತ್ರ ಕಳಿಸುವ ಮೂಲ ವಿಜಿಎ ಕಾರ್ಡಿನ ಮೆಮೊರಿ 256 ಕೆಬಿ, ಎಂದರೆ 2,62,144 ಬೈಟ್. ಎರಡನೇ ಪುಟಕ್ಕೆ ಜಾಗ ಸಾಲದು. 640-350ಕ್ಕೆ ಇಳಿದರೆ ಪುಟಕ್ಕೆ 1,12,000 ಬೈಟ್, ಎರಡೂ ಹಿಡಿಯುತ್ತವೆ. ಎತ್ತರ ಬಿಟ್ಟುಕೊಟ್ಟು ನಯವಾದ ಚಲನೆ ತಗೊಂಡೆ. ಇವತ್ತಿನ ಆಟಗಳೂ ಮರೆಯ ಪುಟದಲ್ಲೇ ಬರೆಯುತ್ತವೆ, ಆದರೆ ಪುಟದ ಬೆಲೆ ಎಷ್ಟು ಅಂತ ಹೀಗೆ ಎಣಿಸಿ ನೋಡುವ ಪ್ರಸಂಗ ಕಲಿಯುವವರಿಗೆ ಬರುವುದು ಕಡಿಮೆ.

ಹಾಗಂತ ಟರ್ಬೊ ಸಿ ಹೊಗಳಲು ನಾನು ಕೂತಿಲ್ಲ. ಅದರ ಬೆನ್ನಿಗೆ ಬಂದ ಟರ್ಬೊ ಸಿ ಪ್ಲಸ್ ಪ್ಲಸ್ ಕೂಡ ಆ ಭಾಷೆಯ 1998ರ ಮಾನದಂಡಕ್ಕಿಂತ ಹಿಂದಿನದು. ಪ್ರೋಗ್ರಾಮನ್ನು 'ವಾಯ್ಡ್ ಮೇನ್' ಅಂತ ಶುರುಮಾಡುವುದು ಮಾನದಂಡಕ್ಕೆ ಒಗ್ಗದು; ಅಲ್ಲಿ ಕಲಿತ ಆ ಅಭ್ಯಾಸ ಬಿಡಲು ನನಗೇ ವರ್ಷ ಹಿಡಿಯಿತು. ಭಾಷೆ ಕಲಿಯಲು ಹೊಸ ಕಂಪೈಲರ್ ಹಾಕಿಕೊಳ್ಳಿ. ಚುಕ್ಕಿಯ ಸಹವಾಸಕ್ಕೆ ಮಾತ್ರ ಒಂದೆರಡು ವಾರ ಇಲ್ಲಿರಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ನೇರವಾಗಿ ಓಡಿಸುವುದಿಲ್ಲ, ಹಾಗಾಗಿ ಹಳೇ ಡಾಸ್ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಬೇಕು. ಅದರೊಳಗೆ ವರ್ಗಮೂಲದ ವೃತ್ತ ಬರೆದು, ಆ ಕಳ್ಳ 'ಇಫ್' ಕೂಡ ಹಾಕಿ, ಮೊದಲು 181 ಕೊಡಿ. ಆಮೇಲೆ 182. ನೆತ್ತಿಯಲ್ಲಿ 37 ಚುಕ್ಕಿ ಕಾಣೆಯಾಗಿರುತ್ತವೆ, ಎಣಿಸಿಕೊಳ್ಳಿ.