ಭಾರತ–ಪಾಕ್ ಒಂದೇ ಗುಂಪಿಗೆ ಬೀಳುವುದು ಚೀಟಿಯಿಂದಲ್ಲ

ಪ್ರಶ್ನೆ: "ಪಾಕಿಸ್ತಾನದ ಜೊತೆ ಸರಣಿ ಆಡಲ್ಲ ಅಂತೀವಿ. ವಿಶ್ವಕಪ್, ಏಷ್ಯಾ ಕಪ್ ಬಂದ್ರೆ ಆಡ್ತೀವಿ. ಇದ್ಯಾವ ನ್ಯಾಯ ಮೇಷ್ಟ್ರೇ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ತುಮಕೂರಿನ ಜೂನಿಯರ್ ಕಾಲೇಜು ಮೈದಾನಕ್ಕೆ ಬೆಳಿಗ್ಗೆ ವಾಕಿಂಗ್ ಬರುವವರು ಕೇಳುತ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದರೆ ಪಕ್ಕದ ಟೇಬಲ್ಲಿನವರು ಕೇಳುತ್ತಾರೆ. ಹಳೆಯ ಶಿಷ್ಯರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಒಂದು ಸಲ ಬರೆದಿಡುತ್ತಿದ್ದೇನೆ.

ಉತ್ತರ ಚಿಕ್ಕದು. ಸರಣಿ ಅಂದರೆ ಎರಡು ಮನೆಗಳ ವ್ಯವಹಾರ. ಒಬ್ಬರು ಕರೆಯಬೇಕು, ಇನ್ನೊಬ್ಬರು ಹೋಗಬೇಕು, ಎರಡೂ ಸರ್ಕಾರಗಳು ಹೂಂ ಅನ್ನಬೇಕು. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿಯಾದ ಮೇಲೆ ನಮ್ಮ ತಂಡದ ಪಾಕ್ ಪ್ರವಾಸ ರದ್ದಾಯಿತು. 2012ರ ಡಿಸೆಂಬರ್‌ನಲ್ಲಿ ಅವರು ಒಂದು ಸಲ ಇಲ್ಲಿಗೆ ಬಂದು ಎರಡು ಟಿ20, ಮೂರು ಏಕದಿನ ಪಂದ್ಯ ಆಡಿ ಹೋದರು. ಅಲ್ಲಿಗೆ ಸರಣಿಯ ಕಥೆ ಮುಗಿಯಿತು. ವಿಶ್ವಕಪ್ ಹಾಗಲ್ಲ, ಅದು ಊರ ಜಾತ್ರೆ. ನಮಗಾಗದವನು ಬಂದಿದ್ದಾನೆಂದು ತೇರು ಎಳೆಯುವುದನ್ನು ಬಿಟ್ಟು ಯಾರೂ ಮನೆಯಲ್ಲಿ ಕೂರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇದನ್ನೇ ನೀತಿಯಾಗಿ ಪ್ರಕಟಿಸಿತು: ಪಾಕಿಸ್ತಾನದ ಜೊತೆ ದ್ವಿಪಕ್ಷೀಯ ಆಟ ಇಲ್ಲ, ಹಲವು ದೇಶಗಳು ಸೇರುವ ಟೂರ್ನಿಗೆ ಅಡ್ಡಿಯಿಲ್ಲ.

ಟೂರ್ನಿಗೂ ಅಡ್ಡಿ ಮಾಡಿದರೆ ಏನಾಗುತ್ತದೆಂದು ನಾವು ಒಮ್ಮೆ ನೋಡಿದ್ದೇವೆ. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ಬೆನ್ನಿಗೇ, ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಬರಬೇಕಿದ್ದ ಪಾಕ್ ಶೂಟರ್‌ಗಳಿಗೆ ವೀಸಾ ಸಿಗಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತದಲ್ಲಿ ಕ್ರೀಡಾಕೂಟ ನಡೆಸುವ ಮಾತುಕತೆಯನ್ನೇ ನಿಲ್ಲಿಸಿತು. ಎಲ್ಲ ದೇಶದವರನ್ನೂ ಬರಗೊಡುತ್ತೇವೆ ಎಂದು ಸರ್ಕಾರ ಬರೆದುಕೊಟ್ಟ ಮೇಲೆ, ಜೂನ್‌ನಲ್ಲಿ ಅದು ಸಡಿಲವಾಯಿತು. 2036ರ ಒಲಿಂಪಿಕ್ಸ್ ಬೇಕು ಅನ್ನುತ್ತಿರುವವರಿಗೆ ಇದು ಮರೆಯುವ ಸಂಗತಿಯಲ್ಲ.

ಇಷ್ಟು ಹೇಳಿದರೆ ತಲೆಯಾಡಿಸುತ್ತಾರೆ. ಆಮೇಲೆ ತಪ್ಪದೆ ಒಂದು ಮಾತು ಬರುತ್ತದೆ: "ಹೋಗ್ಲಿ ಬಿಡಿ ಮೇಷ್ಟ್ರೇ, ಚೀಟಿ ಎತ್ತಿದಾಗ ಒಂದೇ ಗ್ರೂಪಿಗೆ ಬಂದ್ರೆ ಪಾಪ ಯಾರೇನ್ ಮಾಡೋಕಾಗುತ್ತೆ?"

ನನಗೆ ತಡೆಯಲಾಗದ್ದು ಈ ಮಾತು. ಇಪ್ಪತ್ತೆಂಟು ವರ್ಷದಿಂದ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಿಗೆ ಟೈಸ್, ಅಂದರೆ ಯಾರ ಎದುರು ಯಾರು ಆಡಬೇಕೆಂಬ ಪಟ್ಟಿ, ಹಾಕುತ್ತಾ ಬಂದ ಪಿ.ಟಿ. ಮೇಷ್ಟ್ರು ನಾನು. ಚೀಟಿ ಎತ್ತುವುದು ಅಂದರೇನೆಂದು ನನ್ನ ಕೈಗೆ ಗೊತ್ತು. ನೋಟ್‌ಬುಕ್ ಹಾಳೆಯನ್ನು ಸ್ಕೇಲ್ ಇಟ್ಟು ಒಂದೇ ಅಳತೆಗೆ ಹರಿಯಬೇಕು, ಒಂದು ಚೀಟಿ ಚೂರು ದಪ್ಪವಾದರೂ ಬೆರಳಿಗೆ ಸಿಕ್ಕಿಬೀಳುತ್ತದೆ. ಎಲ್ಲವನ್ನೂ ನಾಲ್ಕು ಮಡಿಕೆ ಮಡಿಸಿ, ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಕುಲುಕಬೇಕು. ಎಲ್ಲ ಶಾಲೆಯ ಮೇಷ್ಟ್ರುಗಳೂ ನೋಡುತ್ತಿರುವಾಗ, ಯಾರ ಕಡೆಗೂ ಸೇರದ ಚಿಕ್ಕ ಮಗುವಿನ ಕೈಯಲ್ಲಿ ತೆಗೆಸಬೇಕು. ಅದಕ್ಕೆ ಚೀಟಿ ಅನ್ನುತ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. 2013ರಿಂದ 2025ರವರೆಗೆ ವಿಶ್ವ ಕ್ರಿಕೆಟ್ ನಡೆಸುವ ಸಂಸ್ಥೆಯಾದ ಐಸಿಸಿಯ ಪುರುಷರ ಟೂರ್ನಿಗಳಲ್ಲಿ ತಂಡಗಳನ್ನು ಗುಂಪು ಮಾಡಿ ಆಡಿಸಿದ್ದು ಒಂಬತ್ತು ಸಲ. 2013, 2017, 2025ರ ಚಾಂಪಿಯನ್ಸ್ ಟ್ರೋಫಿ, 2015ರ ಏಕದಿನ ವಿಶ್ವಕಪ್, 2014, 2016, 2021, 2022, 2024ರ ಟಿ20 ವಿಶ್ವಕಪ್. ಒಂಬತ್ತಕ್ಕೆ ಒಂಬತ್ತರಲ್ಲೂ ಭಾರತ, ಪಾಕಿಸ್ತಾನ ಒಂದೇ ಗುಂಪು. 2019 ಮತ್ತು 2023ರ ವಿಶ್ವಕಪ್‌ಗಳಲ್ಲಿ ಗುಂಪೇ ಇರಲಿಲ್ಲ, ಎಲ್ಲರೂ ಎಲ್ಲರ ಜೊತೆ ಆಡಿದರು.

ಚಾಂಪಿಯನ್ಸ್ ಟ್ರೋಫಿಯಲ್ಲಿ ಎಂಟು ತಂಡ, ಎರಡು ಗುಂಪು. ಭಾರತ ಒಂದು ಗುಂಪಿನಲ್ಲಿ ಕೂತಾಯಿತು ಅನ್ನಿ. ಉಳಿದ ಏಳು ಜಾಗಗಳಲ್ಲಿ ಆ ಗುಂಪಿನವು ಮೂರೇ. ಅಂದರೆ ಪಾಕಿಸ್ತಾನ ಅಲ್ಲಿಗೇ ಬರುವ ಸಾಧ್ಯತೆ ಏಳರಲ್ಲಿ ಮೂರು, ಅರ್ಧಕ್ಕಿಂತ ಕಡಿಮೆ. 2024ರ ಟಿ20 ವಿಶ್ವಕಪ್‌ನಲ್ಲಿ ಇಪ್ಪತ್ತು ತಂಡ, ನಾಲ್ಕು ಗುಂಪು. ಅಲ್ಲಿ 19ರಲ್ಲಿ 4. ಇರಲಿ, ಧಾರಾಳವಾಗಿ ಪ್ರತಿ ಸಲವೂ ಅರ್ಧಕ್ಕರ್ಧ ಅಂತಲೇ ಹಿಡಿಯಿರಿ. ನಾಣ್ಯ ಚಿಮ್ಮಿದಾಗ ಒಂಬತ್ತು ಸಲವೂ ಹೆಡ್ಡೇ ಬೀಳಬೇಕು. ಅದು 512ರಲ್ಲಿ ಒಂದು ಸಲ ಆಗುವ ಮಾತು. ನಮ್ಮ ಹೋಬಳಿಯಲ್ಲಿ ಒಂದೇ ಶಾಲೆಗೆ ಒಂಬತ್ತು ವರ್ಷ ಸತತವಾಗಿ 'ಬೈ' (ಆಡದೆಯೇ ಮುಂದಿನ ಸುತ್ತು) ಬಂದಿದ್ದರೆ ಉಳಿದ ಮೇಷ್ಟ್ರುಗಳು ನನ್ನ ಕೈಯಿಂದ ಡಬ್ಬಿ ಕಿತ್ತುಕೊಳ್ಳುತ್ತಿದ್ದರು.

ಇದು ನನ್ನ ಊಹೆಯೂ ಅಲ್ಲ. ಆಗ ಐಸಿಸಿಯ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಡೇವ್ ರಿಚರ್ಡ್‌ಸನ್ 2016ರಲ್ಲಿ ಬಾಯಿಬಿಟ್ಟು ಹೇಳಿದ್ದಾರೆ: ತಮ್ಮ ಟೂರ್ನಿಗಳಲ್ಲಿ ಭಾರತ–ಪಾಕ್ ಪಂದ್ಯ ಇರುವಂತೆ ನೋಡಿಕೊಳ್ಳಲು ಪ್ರಯತ್ನಿಸುತ್ತೇವೆ, ಅದು ಐಸಿಸಿಗೆ ಬಹಳ ಮುಖ್ಯ ಎಂದು. ಗುಂಪುಗಳ ಬಲ ರ‍್ಯಾಂಕಿಂಗ್ ಪ್ರಕಾರ ಸರಿದೂಗಿದರೆ ಆಯಿತು. ಸರಿದೂಗಿಸುವುದಕ್ಕೆ ದಾರಿ ಹತ್ತಿವೆ, ಇಬ್ಬರೂ ಒಟ್ಟಿಗಿರುವ ದಾರಿಯನ್ನು ಆರಿಸಿಕೊಳ್ಳುತ್ತಾರೆ.

ಯಾಕೆ ಅಂತ ತಿಳಿಯಬೇಕಾದರೆ 2007ರ ಏಕದಿನ ವಿಶ್ವಕಪ್ ನೆನಪು ಮಾಡಿಕೊಳ್ಳಿ. ಆಗ ನಾವು ಒಂದು ಗುಂಪು, ಅವರು ಇನ್ನೊಂದು. ಮಾರ್ಚ್ 17ರಂದು, ಒಂದೇ ದಿನ, ನಾವು ಬಾಂಗ್ಲಾದೇಶಕ್ಕೆ ಸೋತೆವು, ಅವರು ಐರ್ಲೆಂಡ್‌ಗೆ ಸೋತರು. ಇಬ್ಬರೂ ಮೊದಲ ಸುತ್ತಿನಲ್ಲೇ ಮನೆಗೆ. ಬಾರ್ಬಡೋಸ್‌ನಲ್ಲಿ ಭಾರತ–ಪಾಕ್ ಆಗಬಹುದೆಂದು ಎಲ್ಲರೂ ಕಾದಿದ್ದ ಪಂದ್ಯ ಐರ್ಲೆಂಡ್–ಬಾಂಗ್ಲಾದೇಶ ಪಂದ್ಯವಾಯಿತು. ಟಿವಿಯವರು ಕೋಟಿಗಟ್ಟಲೆ ಸುರಿಯುವುದು ಯಾವ ಪಂದ್ಯಕ್ಕೆಂದು ಗೊತ್ತಿರುವವರು ಅಂಥದ್ದನ್ನು ಮತ್ತೆ ಅದೃಷ್ಟಕ್ಕೆ ಬಿಡುತ್ತಾರೆಯೇ? ಸರಣಿ ನಿಂತು ಹೋದಷ್ಟೂ ಈ ಒಂದು ಪಂದ್ಯದ ಬೆಲೆ ಏರಿದೆ. ಎರಡು ದೇಶಗಳ ಹಗೆ ಒಂದು ಬಾಗಿಲು ಮುಚ್ಚಿಸಿತು, ಅದೇ ಹಗೆ ಇನ್ನೊಂದು ಬಾಗಿಲಲ್ಲಿ ಟಿಕೆಟ್ ಮಾರುತ್ತಿದೆ.

ಫುಟ್‌ಬಾಲ್‌ನವರು ಇದಕ್ಕೆ ತಿರುಗಾಮುರುಗ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಡ್ರಾ ಎತ್ತುವ ಮೊದಲೇ ಯಾರ ಜೊತೆ ಯಾರನ್ನು ಹಾಕಬಾರದೆಂದು ಹೇಳಿಬಿಡುತ್ತದೆ. ಸರ್ಬಿಯಾ–ಕೊಸೊವೊ, ಸ್ಪೇನ್–ಜಿಬ್ರಾಲ್ಟರ್ ಅಂಥ ಜೋಡಿಗಳು. ಒಟ್ಟಿಗೆ ಬಿದ್ದರೆ ಎಲ್ಲರೆದುರೇ ಒಬ್ಬರನ್ನು ಪಕ್ಕದ ಗುಂಪಿಗೆ ಕಳಿಸುತ್ತಾರೆ. ನಾನು ಮಾಡಿದ್ದೂ ಅದನ್ನೇ. ಕೆರೆ ನೀರಿನ ವಿಷಯಕ್ಕೆ ಹೊಡೆದಾಡಿಕೊಂಡಿದ್ದ ಎರಡು ಊರುಗಳಿದ್ದವು. ಒಂದು ವರ್ಷ ಕಬಡ್ಡಿ ಟೈಸ್ ಹಾಕುವಾಗ ಒಂದು ಊರನ್ನು ಮೇಲಿನ ಅರ್ಧಕ್ಕೆ, ಇನ್ನೊಂದನ್ನು ಕೆಳಗಿನ ಅರ್ಧಕ್ಕೆ ಇಟ್ಟೆ. ಆದರೆ ಡಬ್ಬಿ ಕುಲುಕುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿ ಇಟ್ಟೆ, ಟೈಸ್ ಹಾಳೆಯ ಮೇಲೆ ಬರೆದೂ ಇಟ್ಟೆ. ಬೇಕೆಂದೇ ಕೂರಿಸಿದ್ದನ್ನು ಕೂರಿಸಿದ್ದು ಅನ್ನೋಣ. ಅದನ್ನು ಚೀಟಿ ಅಂದರೆ ನನ್ನ ಡಬ್ಬಿಗೆ ಕೈ ಹಾಕಿದ ಆ ಮಗುವಿಗೆ ಮಾಡುವ ಮೋಸ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. 2025ರ ಏಷ್ಯಾ ಕಪ್‌ನಲ್ಲಿ ದುಬೈಯಲ್ಲಿ ಯಾಕೆ ಆಡಿದರು, ಕೈ ಯಾಕೆ ಕುಲುಕಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಭಾರತ, ಪಾಕಿಸ್ತಾನ ಕೊನೆಯ ಟೆಸ್ಟ್ ಆಡಿದ್ದು ಎಲ್ಲಿ ಅಂತ ಒಬ್ಬರೂ ಕೇಳಿಲ್ಲ. ನಮ್ಮ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2007ರ ಡಿಸೆಂಬರ್ 8ರಿಂದ 12ರವರೆಗೆ. ಗಂಗೂಲಿ 239, ಯುವರಾಜ್ 169, ಇರ್ಫಾನ್ ಪಠಾಣ್ 102. ನಾಯಕ ನಮ್ಮ ಕುಂಬ್ಳೆ. ಕೊನೆಯ ದಿನ ಬುಧವಾರ, ಶಾಲೆ ಇತ್ತು. ಆಟದ ಸಾಮಾನಿನ ಕೋಣೆಯಲ್ಲಿ ರೇಡಿಯೋ ಸಣ್ಣಗೆ ಹಾಕಿಕೊಂಡು ಕೂತಿದ್ದೆ. ಕುಂಬ್ಳೆ ಐದು ವಿಕೆಟ್ ಕಿತ್ತರು, ಪಾಕಿಸ್ತಾನ ಏಳು ವಿಕೆಟ್ ಕಳೆದುಕೊಂಡು ಹೇಗೋ ಉಳಿದುಕೊಂಡಿತು, ಡ್ರಾ ಆಯಿತು. ಮುಂದಿನ ಸಲ ನೋಡಿಕೊಳ್ಳೋಣ ಅಂದುಕೊಂಡು ರೇಡಿಯೋ ಆರಿಸಿದೆ.

ಈಗ ನನ್ನ ಹತ್ತನೇ ಕ್ಲಾಸಿನ ಹುಡುಗರಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಈ ಎರಡು ತಂಡಗಳು ಬಿಳಿ ಬಟ್ಟೆ ಹಾಕಿಕೊಂಡು ಐದೈದು ದಿನ ಆಡುತ್ತಿದ್ದವು ಕಣ್ರೋ ಅಂದರೆ, "ಯಾವ ಟೂರ್ನಮೆಂಟಲ್ಲಿ ಸಾರ್?" ಅಂತ ಕೇಳುತ್ತಾರೆ.