ನಗು ನಮ್ಮದು, ಚಟ ಪಕ್ಕದವರದು

ಮೊಬೈಲ್ ಚಟವನ್ನು ಗೇಲಿ ಮಾಡುವ ಕಾರ್ಟೂನನ್ನು ನೋಡಿ ಮುಗಿಸಿದವರು ಮೊದಲು ಮಾಡುವ ಕೆಲಸ ಅದನ್ನು ಇನ್ನೊಬ್ಬರಿಗೆ ಕಳುಹಿಸುವುದು. ಅದೂ ಮೊಬೈಲಿನಿಂದಲೇ. ಜೊತೆಗೆ ಒಂದು ಸಾಲು: ‘ಥೇಟ್ ನಿನ್ನ ಹಾಗೆಯೇ!’ ಪಡೆದವರು ನಕ್ಕು ಅದನ್ನು ಮೂರನೆಯವರಿಗೆ ದಾಟಿಸುತ್ತಾರೆ. ‘ಥೇಟ್ ನನ್ನ ಹಾಗೆಯೇ’ ಎನ್ನುವವರೂ ಇದ್ದಾರೆ, ಆದರೆ ಅವರ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಜಂಬವೇ ಹೆಚ್ಚು. ವಿಡಂಬನೆಯ ಬಾಣ ಹೀಗೆ ಕೈಯಿಂದ ಕೈಗೆ ದಾಟುತ್ತಲೇ ಇದ್ದು ಯಾರಿಗೂ ನಾಟದಿರುವುದು ಏಕೆ?

ಅಮೆರಿಕದ ಟಿವಿ ಕಾರ್ಟೂನ್ ‘ಸೌತ್ ಪಾರ್ಕ್’ ಸರಣಿಯ ಒಂದು ಕಂತನ್ನೇ ತೆಗೆದುಕೊಳ್ಳೋಣ. ಅದು ಪ್ರಸಾರವಾದದ್ದು 2014ರ ನವೆಂಬರಿನಲ್ಲಿ. ಸ್ಟ್ಯಾನ್ ಎಂಬ ಹುಡುಗ ಒಂದು ಮೊಬೈಲ್ ಆಟಕ್ಕೆ ಅಂಟಿಕೊಳ್ಳುತ್ತಾನೆ. ಆಟವೇನೋ ಉಚಿತ, ಆದರೆ ಮುಂದೆ ಸಾಗಲು ಆಟದೊಳಗಿನ ನಾಣ್ಯ ಬೇಕು, ಆ ನಾಣ್ಯಕ್ಕೆ ನಿಜವಾದ ಡಾಲರ್ ತೆರಬೇಕು. ಬಿಲ್ ಕಂಡು ರೇಗುವ ಅಪ್ಪನಿಗೆ ಕುಡಿತದ ಚಟ. ಕೊನೆಗೆ ವ್ಯಸನದ ಗುಟ್ಟನ್ನು ಹುಡುಗನಿಗೆ ಬಿಡಿಸಿ ಹೇಳಲು ಸೈತಾನನೇ ಬರಬೇಕಾಗುತ್ತದೆ. ಅವನು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಬಗ್ಗೆ ಮಾಡುವ ಪಾಠ ಎಷ್ಟೋ ಆರೋಗ್ಯ ಅಂಕಣಗಳಿಗಿಂತ ಅಚ್ಚುಕಟ್ಟಾಗಿದೆ.

ಮಗನಿಗೆ ಬುದ್ಧಿ ಹೇಳುವ ಕುಡುಕ ಅಪ್ಪನನ್ನು ಕಂಡು ನಗುವ ಪ್ರೇಕ್ಷಕ, ತಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆಂದು ಎಣಿಸುವುದಿಲ್ಲ. ಸಮಾಜವಿಜ್ಞಾನಿ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲಿ ಈ ಮನೋಧರ್ಮಕ್ಕೆ ‘ಮೂರನೆಯ ವ್ಯಕ್ತಿ ಪರಿಣಾಮ’ ಎಂದು ಹೆಸರಿಟ್ಟರು. ಜಾಹೀರಾತು, ಪ್ರಚಾರ, ಸಿನಿಮಾ ಯಾವುದೇ ಇರಲಿ, ಅದು ಇತರರನ್ನು ಮರುಳು ಮಾಡುತ್ತದೆ, ನಮ್ಮನ್ನಲ್ಲ ಎಂಬುದು ಬಹುಪಾಲು ಜನರ ನಂಬಿಕೆ. ಎಲ್ಲರೂ ಹಾಗೆಯೇ ನಂಬಿದರೆ ಮರುಳಾಗುವ ಆ ‘ಇತರರು’ ಎಲ್ಲಿಂದ ಬರಬೇಕು?

ನಗೆಗೂ ಇದರಲ್ಲಿ ಪಾಲಿದೆ. ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಒಂದು ಸಂಗತಿ ತಪ್ಪಾಗಿಯೂ ಅದೇ ಗಳಿಗೆಯಲ್ಲಿ ನಿರಪಾಯಕಾರಿಯಾಗಿಯೂ ಕಂಡಾಗ ನಗು ಬರುತ್ತದೆ. ಬೇರೆ ಯಾರೋ ಜಾರಿಬಿದ್ದು ಏಟಾಗದೆ ಎದ್ದರೆ ನಗುತ್ತೇವೆ. ನಮ್ಮ ಕಾಲೇ ಮುರಿದರೆ ನಗುವುದಿಲ್ಲ. ಅಂದರೆ ನಗಲು ಒಂದಿಷ್ಟು ದೂರ ಬೇಕು. ಕಾರ್ಟೂನು ಆ ದೂರವನ್ನು ಧಾರಾಳವಾಗಿ ಒದಗಿಸುತ್ತದೆ: ದಪ್ಪ ಗೆರೆ, ಉಬ್ಬಿದ ಕಣ್ಣು, ಮಿತಿಮೀರಿದ ಪಾತ್ರಗಳು. ಕಂತನ್ನು ತಮಾಷೆಯಾಗಿಸುವ ಈ ದೂರವೇ ನೋಡುಗನನ್ನು ಆರೋಪಿಯ ಕಟಕಟೆಯಿಂದ ಇಳಿಸಿ ಕಳುಹಿಸುತ್ತದೆ. ವಿಡಂಬನಕಾರನ ಸಂಕಟ ಇರುವುದು ಇಲ್ಲಿಯೇ. ಹತ್ತಿರ ಬಂದರೆ ನಗು ಸತ್ತುಹೋಗುತ್ತದೆ, ದೂರ ನಿಂತರೆ ಮಾತು ತಾಗುವುದಿಲ್ಲ.

ಇನ್ನೂ ವಿಚಿತ್ರವೆಂದರೆ ಒಂದೇ ಹಾಸ್ಯವನ್ನು ನೋಡಿ ಎದುರುಬದುರು ನಿಲುವಿನವರಿಬ್ಬರೂ ‘ಇದು ನಮ್ಮ ಪರ’ ಎಂದು ಸಂತೋಷಪಡುವುದು. 1970ರ ದಶಕದಲ್ಲಿ ಅಮೆರಿಕದ ಟಿವಿಯಲ್ಲಿ ಆರ್ಚಿ ಬಂಕರ್ ಎಂಬ ಪೂರ್ವಗ್ರಹಪೀಡಿತ ಪಾತ್ರ ಮನೆಮಾತಾಗಿತ್ತು. ಅವನನ್ನು ಸೃಷ್ಟಿಸಿದ್ದು ಜನಾಂಗದ್ವೇಷವನ್ನು ಹೀಯಾಳಿಸಲು. ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯದೇ ಕಥೆ ಹೊರಬಿತ್ತು: ಪೂರ್ವಗ್ರಹ ಹೆಚ್ಚಿದ್ದ ಪ್ರೇಕ್ಷಕರಿಗೆ ಆರ್ಚಿ ಮೆಚ್ಚುಗೆಯ ವ್ಯಕ್ತಿಯಾಗಿದ್ದ. 2009ರಲ್ಲಿ ಅಮೆರಿಕದ ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಕಾರ್ಯಕ್ರಮದ ಬಗ್ಗೆ ನಡೆದ ಅಧ್ಯಯನದಲ್ಲಿಯೂ ಇಂಥದೇ ಫಲಿತಾಂಶ. ಸಂಪ್ರದಾಯವಾದಿಯ ವೇಷ ತೊಟ್ಟು ಸಂಪ್ರದಾಯವಾದವನ್ನೇ ಅಣಕಿಸುತ್ತಿದ್ದ ಅವರನ್ನು ಉದಾರವಾದಿಗಳು ವಿಡಂಬನಕಾರನೆಂದೇ ಕಂಡರು. ಆದರೆ ಕೋಲ್ಬೇರ್ ತಮಾಷೆಯ ಸೋಗಿನಲ್ಲಿ ಮನದಾಳದ ಮಾತನ್ನೇ ಆಡುತ್ತಿದ್ದಾರೆ ಎಂದುಕೊಳ್ಳುವ ಒಲವು ಸಂಪ್ರದಾಯವಾದಿಗಳಲ್ಲಿ ಹೆಚ್ಚಿತ್ತು. ನಕ್ಕದ್ದರಲ್ಲಿ ಎರಡೂ ಕಡೆಯವರು ಸಮಸಮ! ಮೊಬೈಲ್ ವಿಡಂಬನೆಯ ಗತಿಯೂ ಬೇರೆಯಾಗಲು ಕಾರಣವಿಲ್ಲ. ಹಿರಿಯರು ಅದರಲ್ಲಿ ಹಾಳಾದ ಪೀಳಿಗೆಯನ್ನು ಕಾಣುತ್ತಾರೆ, ಕಿರಿಯರು ಗೊಣಗುವ ಪೀಳಿಗೆಯನ್ನು.

ಸೈತಾನನ ಪಾಠಕ್ಕೆ ಮರಳೋಣ, ಏಕೆಂದರೆ ಇಂಥ ಕಂತನ್ನು ನೋಡಿದವರ ನಾಲಿಗೆಯಲ್ಲಿ ಉಳಿಯುವ ಶಬ್ದ ಡೋಪಮೈನ್. ಅದನ್ನು ‘ಸುಖದ ರಾಸಾಯನಿಕ’ ಎಂದು ಕರೆಯುವ ರೂಢಿ ಇದೆ. ನರವಿಜ್ಞಾನ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಡೋಪಮೈನ್ ನರಕೋಶಗಳು ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಚುರುಕಾದವು. ರಸಕ್ಕೆ ಮುನ್ನ ಬರುವ ಸೂಚನೆಯನ್ನು ಕೋತಿ ಕಲಿತ ಮೇಲೆ ಆ ಚುರುಕು ಸೂಚನೆಯ ಗಳಿಗೆಗೆ ಸರಿಯಿತು. ರಸ ಬಂದಾಗ ಏನೂ ಆಗಲಿಲ್ಲ. ಬರಬೇಕಾದ ರಸ ಬಾರದಿದ್ದರೆ, ಅದೇ ಹೊತ್ತಿಗೆ ಸರಿಯಾಗಿ ಚಟುವಟಿಕೆ ಕುಸಿಯಿತು. ಡೋಪಮೈನ್ ಲೆಕ್ಕ ಇಡುತ್ತಿದ್ದುದು ನಿರೀಕ್ಷೆಗೂ ದಕ್ಕಿದ್ದಕ್ಕೂ ಇರುವ ಅಂತರವನ್ನು. ಕೆಂಟ್ ಬೆರಿಜ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಿದುಳಿನಲ್ಲಿ ಡೋಪಮೈನ್ ಬಹುತೇಕ ಬತ್ತಿಹೋದ ಇಲಿಗಳೂ ಬಾಯಿಗೆ ಸಿಹಿ ಹಾಕಿದರೆ ಮೊದಲಿನಂತೆಯೇ ಚಪ್ಪರಿಸುತ್ತಿದ್ದವು. ಆದರೆ ತಾವಾಗಿ ಆಹಾರದ ಬಳಿಗೆ ಹೋಗುವ ಹಂಬಲವೇ ಅವುಗಳಲ್ಲಿ ಉಳಿದಿರಲಿಲ್ಲ. ಬೇಕೆನಿಸುವುದು ಬೇರೆ, ಹಿತವೆನಿಸುವುದು ಬೇರೆ. ಬೆರಳು ಪರದೆಯನ್ನು ಉಜ್ಜುತ್ತಲೇ ಇರುವಾಗ ಮನಸ್ಸಿಗೆ ಬೇಸರವೂ ಆಗುತ್ತಿರುವ ಆ ಪರಿಚಿತ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಓದಿಲ್ಲ.

ಬಹುಮಾನ ಯಾವಾಗ ಸಿಗುತ್ತದೆಂದು ತಿಳಿಯದಂತೆ ಮಾಡಿ ಹಿಡಿದಿಡುವ ಆಟದ ತಂತ್ರವಂತೂ ಇನ್ನೂ ಹಳೆಯದು. ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಿಲ್ಲದ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಫೆರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ದಾಖಲಿಸಿದ್ದರು. ಅಂದಹಾಗೆ, ಉಚಿತ ಆಟಗಳನ್ನು ಅಷ್ಟು ಚೆನ್ನಾಗಿ ಜರೆದ ‘ಸೌತ್ ಪಾರ್ಕ್’ ಹೆಸರಿನಲ್ಲೇ 2017ರಲ್ಲಿ ಒಂದು ಮೊಬೈಲ್ ಆಟ ಬಂತು. ಇಳಿಸಿಕೊಳ್ಳಲು ಉಚಿತ, ಒಳಗೆ ಖರೀದಿಗೆ ಅವಕಾಶ.

ಮೊಬೈಲ್ ಚಟವೂ ‘ಮಾದಕ ವ್ಯಸನದಂಥದೇ’ ಎಂದು ಗಾಬರಿಯಾಗುವವರಿಗೂ ವಿಜ್ಞಾನ ಪೂರ್ತಿ ಸಾಥ್ ಕೊಡುವುದಿಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ವಿಡಿಯೊ ಆಟದ ಅಸ್ವಸ್ಥತೆ ಇದೆ, ಮೊಬೈಲ್ ಚಟ ಇಲ್ಲ. ಹಾಗಿದ್ದರೂ ಚಟವನ್ನು ಅಳೆಯುವ ಪ್ರಶ್ನಾವಳಿಗಳು ಹೇರಳವಾಗಿವೆ. ಇವುಗಳಿಂದ ರೋಸಿದ ಮನೋವಿಜ್ಞಾನಿ ಲಿಯಾಮ್ ಸ್ಯಾಚೆಲ್ ಮತ್ತು ಸಂಗಡಿಗರು 2020ರಲ್ಲಿ ತಾವೇ ಒಂದು ವಿಡಂಬನೆ ಹೆಣೆದರು. ಸಾಮಾಜಿಕ ಜಾಲತಾಣದ ಚಟವನ್ನು ಅಳೆಯುವ ಪ್ರಶ್ನೆಗಳಲ್ಲಿ ಜಾಲತಾಣವನ್ನು ಕಿತ್ತು, ಆ ಜಾಗದಲ್ಲಿ ‘ಮುಖಾಮುಖಿ ಸಿಗುವ ಗೆಳೆಯರು’ ಎಂದು ಸೇರಿಸಿದರು. ಗೆಳೆಯರ ಬಗ್ಗೆ ಆಗಾಗ ಯೋಚಿಸುತ್ತೀರಾ, ಅವರು ಸಿಗದಿದ್ದರೆ ಚಡಪಡಿಸುತ್ತೀರಾ, ಎಂಬ ಧಾಟಿಯಲ್ಲಿ. 807 ಜನ ಉತ್ತರಿಸಿದರು. ಚಾಲ್ತಿಯಲ್ಲಿರುವ ಮಾನದಂಡಗಳನ್ನೇ ಬಳಸಿದಾಗ ಅವರಲ್ಲಿ ಶೇ. 69ರಷ್ಟು ಮಂದಿ ‘ಗೆಳೆಯರ ವ್ಯಸನಿ’ಗಳೆಂದು ಸಾಬೀತಾಯಿತು! ನನ್ನ ಮಟ್ಟಿಗೆ ಮೊಬೈಲ್ ಚಟದ ಕುರಿತ ಅತ್ಯುತ್ತಮ ವಿಡಂಬನೆ ಇದೇ, ಒಂದು ಚಿತ್ರವನ್ನೂ ಬರೆಯದೆ ಮಾಡಿದ್ದು. ಹೆಚ್ಚು ಬಳಕೆಯನ್ನೂ ರೋಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಸರಕ್ಕೆ ಅದು ಸರಿಯಾಗಿ ಕುಟುಕಿತು.

ಆದರೆ ಇದನ್ನು ಓದಿ ‘ಹಾಗಾದರೆ ನನಗೇನೂ ಆಗಿಲ್ಲ’ ಎಂದು ನಿಟ್ಟುಸಿರು ಬಿಡುವಂತಿಲ್ಲ, ಏಕೆಂದರೆ ನಮ್ಮ ಬಳಕೆಯ ಸಾಕ್ಷಿ ನುಡಿಯಲು ನಾವೇ ಅಯೋಗ್ಯರು. 2015ರಲ್ಲಿ ಬ್ರಿಟನ್ನಿನ ಸಂಶೋಧಕರು 23 ಜನರ ಮೊಬೈಲುಗಳಲ್ಲಿ ಲೆಕ್ಕ ಇಡುವ ತಂತ್ರಾಂಶವನ್ನು ಎರಡು ವಾರ ಇರಿಸಿದರು. ಅವರು ದಿನಕ್ಕೆ ಸರಾಸರಿ 85 ಸಲ ಮೊಬೈಲ್ ಬಳಸಿದ್ದರು. ಅಂದಾಜು ಹೇಳಿದ್ದು ಅದರ ಅರ್ಧಕ್ಕಿಂತ ಕಡಿಮೆ. ಹಾಗೆ ಎತ್ತಿಕೊಂಡದ್ದರಲ್ಲಿ ಅರ್ಧಕ್ಕೂ ಹೆಚ್ಚು ಸಲ ಅದು ಮೂವತ್ತು ಸೆಕೆಂಡಿನೊಳಗೆ ಮುಗಿದಿತ್ತು. ಅಷ್ಟು ಕಿರಿದಾದದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಜನ ಹೇಳಿಕೊಳ್ಳುವ ಬಳಕೆಗೂ ಯಂತ್ರ ದಾಖಲಿಸಿದ ಬಳಕೆಗೂ ಗಟ್ಟಿ ಹೊಂದಿಕೆ ಇಲ್ಲವೆಂದೇ ತೋರಿಸಿತು. ತೆರೆಯ ಮೇಲಿನ ಪಾತ್ರ ಮೂರು ಹೊತ್ತೂ ಮೊಬೈಲ್ ಹಿಡಿದಿರುತ್ತದೆ. ನೋಡುಗನ ನೆನಪಿನಲ್ಲಿ ತಾನು ಹಾಗಿಲ್ಲ. ‘ನಾನು ಅಷ್ಟೊಂದು ಇಲ್ಲ’ ಎಂಬ ಅವನ ಮಾತು ಹಾಗಾಗಿ ಬೇಕೆಂದೇ ಹೇಳಿದ ಸುಳ್ಳಲ್ಲ.

ನಕ್ಕು ಮರೆತದ್ದು ತಡವಾಗಿ ಕೆಲಸ ಮಾಡುವುದೂ ಉಂಟು. ರಾಬಿನ್ ನಾಬಿ ಮತ್ತು ಸಂಗಡಿಗರು 2007ರಲ್ಲಿ ಗಮನಿಸಿದಂತೆ, ಹಾಸ್ಯದ ರೂಪದಲ್ಲಿ ಬಂದ ವಾದವನ್ನು ಜನ ಗಮನವಿಟ್ಟು ಕೇಳುತ್ತಾರೆ, ‘ತಮಾಷೆಗೆ ಹೇಳಿದ್ದು’ ಎಂದು ಆಗ ತಳ್ಳಿಹಾಕುತ್ತಾರೆ. ದಿನ ಕಳೆದಂತೆ ತಮಾಷೆ ಮಾಸಿ ವಾದ ಉಳಿದುಕೊಳ್ಳುವ ಸೂಚನೆಗಳಿವೆ. ಅಭಿಪ್ರಾಯ ಬದಲಾದ ಮಾತ್ರಕ್ಕೆ ಬೆರಳಿನ ಅಭ್ಯಾಸ ಬದಲಾಗುತ್ತದೆ ಎಂದೇನೂ ಅಲ್ಲ. ಅಭ್ಯಾಸದ ಮೇಲೆ ನೇರವಾಗಿ ಕೈಯಿಟ್ಟ ಪ್ರಯೋಗಗಳು ಬೇರೆ ಇವೆ. 2020ರಲ್ಲಿ ಪ್ರಕಟವಾದ ಒಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೊಬೈಲ್ ಪರದೆಯ ಬಣ್ಣ ತೆಗೆದು ಬೂದು ಛಾಯೆಗಳಿಗೆ ಇಳಿಸಲಾಯಿತು, ಅಷ್ಟೆ. ಉಪದೇಶವಿಲ್ಲ, ಗೇಲಿಯಿಲ್ಲ. ದಿನದ ಬಳಕೆ ಸರಾಸರಿ 38 ನಿಮಿಷದಷ್ಟು ಇಳಿಯಿತು.